ಮುಳ್ಳುಸೌತೆ ಕೊರೆದದ್ದು ಎಷ್ಟು ಗಂಟೆಗೆ?

ಮೂರು ವರ್ಷದ ಹಿಂದೆ ನಮ್ಮ ಮನೆಯಲ್ಲಿ ಒಂದು ಅನುಪತ್ಯ, ಅಂದರೆ ಸಮಾರಂಭ ಇತ್ತು. ಇನ್ನೂರೈವತ್ತು ಜನರ ಊಟ. ಮರುದಿನ ಮಧ್ಯಾಹ್ನದ ಹೊತ್ತಿಗೆ ಫೋನು ಬರಲು ಶುರುವಾಯಿತು. ಒಬ್ಬರಿಗೆ ವಾಂತಿ, ಒಬ್ಬರಿಗೆ ಭೇದಿ, ಇನ್ನೊಬ್ಬರಿಗೆ ಚಳಿಜ್ವರ. ಎಣಿಸಿ ನೋಡಿದರೆ ಹನ್ನೊಂದು ಜನ. ಎಲ್ಲರೂ ಮೊದಲು ಬೈದದ್ದು ಪಾಯಸಕ್ಕೆ. ಕಾಯಿಹಾಲು ಹುಳಿ ಬಂದಿತ್ತಂತೆ, ಗೋಡಂಬಿ ಹಳತಂತೆ. ಆದರೆ ಸಕ್ಕರೆ ಕಾಯಿಲೆಯ ನನ್ನ ಅತ್ತೆ ಪಾಯಸ ಮುಟ್ಟಿಯೇ ಇರಲಿಲ್ಲ. ಅವರು ಎರಡು ಸಲ ಹಾಕಿಸಿಕೊಂಡದ್ದು ಕೋಸಂಬರಿ. ಎಲ್ಲರಿಗಿಂತ ಜಾಸ್ತಿ ಸುಸ್ತಾಗಿ ಮಲಗಿದ್ದೂ ಅವರೇ. ತರಕಾರಿ ಕಂಡರೆ ಮುಖ ತಿರುಗಿಸಿ ಲೋಟಗಟ್ಟಲೆ ಪಾಯಸ ಕುಡಿದ ಮಕ್ಕಳು ಆರಾಮಾಗಿ ಅಂಗಳದಲ್ಲಿ ಆಡಿಕೊಂಡಿದ್ದರು.

ಲ್ಯಾಬಿಗೆ ಯಾರೂ ಏನೂ ಕಳಿಸಲಿಲ್ಲ. ಹಾಗಾಗಿ ಕೋಸಂಬರಿಯೇ ಕಾರಣ ಅಂತ ಆಣೆ ಹಾಕಿ ಹೇಳಲಾರೆ. ಆದರೆ ಅದು ಎಲೆಗೆ ಬಿದ್ದ ದಾರಿಯನ್ನು ನೆನಪು ಮಾಡಿಕೊಂಡರೆ ನನಗೇ ನಾಚಿಕೆ. ಮುಳ್ಳುಸೌತೆ ತೊಳೆದದ್ದು ಹಿಂದಿನ ಸಂಜೆ ತುಂಬಿಸಿಟ್ಟ ಡ್ರಮ್ಮಿನ ನೀರಲ್ಲಿ. ಕಾಲು ತೊಳೆಯಲು ಇಟ್ಟಿದ್ದ ಚೊಂಬು ಅದೇ ಡ್ರಮ್ಮಿಗೆ ಇಳಿದು ಏಳುತ್ತಿತ್ತು. ಕೊರೆದದ್ದು ಬೆಳಿಗ್ಗೆ ಆರೂವರೆಗೆ. ಎಂಟು ಗಂಟೆಗೆ ಯಾರೋ ಉಪ್ಪು ಹಾಕಿ ಕಲಸಿದರು. ಬಡಿಸಿದ್ದು ಒಂದೂವರೆಗೆ. ಅಷ್ಟೊತ್ತಿಗೆ ಪಾತ್ರೆಯ ತಳದಲ್ಲಿ ನಾಲ್ಕು ಬೆರಳು ನೀರು ನಿಂತಿತ್ತು. ಬಡಿಸುವ ಹುಡುಗ ಅದನ್ನು ಕೈಯಲ್ಲೇ ಹಿಂಡಿ ಹಿಂಡಿ ಬಡಿಸಿದ್ದ.

ಆಮೇಲೆ ನಾನು ಓದಿದ್ದು, ಕೇಳಿದ್ದು, ಮನೆಯಲ್ಲಿ ಬದಲಾಯಿಸಿಕೊಂಡದ್ದು ಇಲ್ಲಿದೆ. ಮನೆಯಲ್ಲಿ ಸಲಾಡ್ ಮಾಡುವವರಿಗೆ, ಪೇಟೆಯಲ್ಲಿ ಕೊಂಡು ತಿನ್ನುವವರಿಗೆ, ಊರಿನ ಊಟಕ್ಕೆ ಸಹಾಯಕ್ಕೆ ಹೋಗುವವರಿಗೆ. ಗೂಡಂಗಡಿಯಲ್ಲಿ ಹಣ್ಣು ಕತ್ತರಿಸಿ ಮಾರುವವರು ಓದಿದರೆ ಇನ್ನೂ ಒಳ್ಳೆಯದು.

ಹೆದರಿಕೆಯನ್ನು ಮೊದಲು ಸರಿಯಾದ ಕಡೆಗೆ ತಿರುಗಿಸಿ

ಕಾಸರಗೋಡಿನವರಿಗೆ ತರಕಾರಿಯಲ್ಲಿ ವಿಷ ಅಂದರೆ ನೆನಪಾಗುವುದು ಒಂದೇ ಹೆಸರು. ಗೇರು ತೋಟಗಳ ಮೇಲೆ 2000ನೇ ಇಸವಿಯವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದನ್ನು ಎಣ್ಮಕಜೆ, ಪಡ್ರೆ ಕಡೆಯವರು ಮರೆಯಲು ಸಾಧ್ಯವೇ ಇಲ್ಲ. ಹಾಗಾಗಿ ನಮ್ಮ ಎಚ್ಚರವೆಲ್ಲ ಕೀಟಕ್ಕೆ ಹೊಡೆಯುವ ಮದ್ದಿನ ಮೇಲೆ. ಘಟ್ಟದಿಂದ ಬಂದ ತರಕಾರಿಯನ್ನು ಉಪ್ಪು, ಅರಸಿನದ ನೀರಲ್ಲಿ ನೆನೆಸುತ್ತೇವೆ. ಹಿತ್ತಿಲಲ್ಲಿ ಬೆಳೆದದ್ದನ್ನು ಸುಮ್ನೆ ಲಂಗಕ್ಕೋ ಲುಂಗಿಗೋ ಒರೆಸಿ ಕಚ್ಚುತ್ತೇವೆ.

ಮದ್ದು ಬೇರೆ, ರೋಗಾಣು ಬೇರೆ. ರೋಗಾಣು ಹೆಚ್ಚಾಗಿ ಬರುವುದು ಕರುಳಿಂದ. ಮನುಷ್ಯನದ್ದೋ ದನದ್ದೋ ಕೋಳಿಯದ್ದೋ. ಸಾಲ್ಮೊನೆಲ್ಲಾ, ಶಿಗೆಲ್ಲಾ, ಇ. ಕೋಲಿಯ ಕೆಲವು ಕೆಟ್ಟ ಜಾತಿಗಳು ಇದರಲ್ಲಿ ಮುಖ್ಯ. ಮದ್ದು ಹೊಡೆಯದ ಹಿತ್ತಿಲಿಗೂ ಇವು ಬರುತ್ತವೆ, ಕೆಲವೊಮ್ಮೆ ನಾವೇ ಬುಟ್ಟಿಯಲ್ಲಿ ಹೊತ್ತು ತಂದು ಹಾಕುತ್ತೇವೆ. ಹಸಿ ಸೆಗಣಿ ಕಲಸಿದ ನೀರು, ಗೋಬರ್ ಗ್ಯಾಸಿನ ಸ್ಲರಿ ಇವನ್ನು ಹರಿವೆ ಬುಡಕ್ಕೆ ಹಾಕಿದರೆ ತೊಂದರೆ ಇಲ್ಲ, ಹರಿವೆಯನ್ನು ಬೇಯಿಸುತ್ತೇವೆ. ಅದನ್ನೇ ನೆಲದ ಮೇಲೆ ಹಬ್ಬಿದ ಮುಳ್ಳುಸೌತೆಗೆ, ಕೊತ್ತಂಬರಿ ಸೊಪ್ಪಿಗೆ, ಪುದೀನಕ್ಕೆ ಎರಚಿ ವಾರದಲ್ಲಿ ಕೊಯ್ದು ಹಸಿಯಾಗಿ ತಿಂದರೆ? ಅಮೆರಿಕದ ಸಾವಯವ ನಿಯಮದಲ್ಲಿ ಮಣ್ಣಿಗೆ ತಾಗುವ ಬೆಳೆಗೆ ಹಸಿ ಗೊಬ್ಬರ ಹಾಕಿ 120 ದಿನ ಕಳೆದ ಮೇಲೆಯೇ ಕೊಯ್ಯಬೇಕು. ನಾವು ಅಷ್ಟು ದಿನ ಲೆಕ್ಕ ಇಡುವವರಲ್ಲ. ಹಸಿಯಾಗಿ ತಿನ್ನುವ ಗಿಡಗಳಿಗೆ ಚೆನ್ನಾಗಿ ಕೊಳೆತು ಒಣಗಿದ ಗೊಬ್ಬರ ಮಾತ್ರ ಹಾಕಿ, ಮುಳ್ಳುಸೌತೆಯನ್ನು ಚಪ್ಪರಕ್ಕೆ ಹತ್ತಿಸಿ. ಇಷ್ಟು ಸಾಕು.

ಉಪ್ಪು, ಅರಸಿನದ ನೀರು ಹುಳ ಎದ್ದು ಬರಲು ಒಳ್ಳೆಯದು. ರೋಗಾಣು ಸಾಯಲು ಅದನ್ನು ನಂಬಬೇಡಿ.

ನೀರು

ಇಡೀ ಲೇಖನದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ. ಸಲಾಡ್ ಅಂದರೆ ಕೊನೆಗೆ ನೀವು ಅದನ್ನು ತೊಳೆದ ನೀರನ್ನು ತಿನ್ನುವುದು.

ನಮ್ಮಲ್ಲಿ ಹೆಚ್ಚಿನ ಮನೆಗಳಲ್ಲಿ ಬಾವಿ. ಬಾಯಾರು, ಪೈವಳಿಕೆ, ಪೆರ್ಲ ಕಡೆ ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗ. ಸುರಂಗದ ಒಳಗೆ ಮುರಕಲ್ಲಿನಿಂದ ಜಿನುಗುವ ನೀರು ಕಣ್ಣೀರಿನಷ್ಟು ತಿಳಿ, ನಿಜ. ಆದರೆ ಅದು ದಂಬೆಯಲ್ಲೋ ಪೈಪಿನಲ್ಲೋ ಬಂದು ಬೀಳುವ ತೊಟ್ಟಿ ನೋಡಿದ್ದೀರಾ? ಮುಚ್ಚಳ ಇಲ್ಲ. ಕಪ್ಪೆ ಇದೆ, ಕೊಳೆತ ಎಲೆ ಇದೆ, ಸಂಜೆ ದನ ಬಂದು ಮೂತಿ ಇಡುತ್ತದೆ. ಬಾವಿಯದ್ದು ಇನ್ನೊಂದು ಕತೆ. ಮುರಕಲ್ಲು ತೂತು ತೂತಾದ ಕಲ್ಲು. ಮಳೆಗಾಲದಲ್ಲಿ ಮೇಲಿನ ನೀರು ಬೇಗ ಕೆಳಗೆ ಇಳಿಯುತ್ತದೆ, ಕಕ್ಕಸು ಗುಂಡಿಯದ್ದೂ ಅದೇ ದಾರಿ ಹಿಡಿಯುತ್ತದೆ. ಕೇರಳದ ಕಟ್ಟಡ ನಿಯಮದ ಪ್ರಕಾರ ಬಾವಿಗೂ ಇಂಗುಗುಂಡಿಗೂ 7.5 ಮೀಟರ್ ಅಂತರ ಇರಬೇಕು. ಮನೆ ಕಟ್ಟುವಾಗ ನಮ್ಮ ಗುಂಡಿ ನಮ್ಮ ಬಾವಿಯಿಂದ ದೂರ ಇರಿಸುತ್ತೇವೆ. ಪಕ್ಕದ ಮನೆಯವರ ಗುಂಡಿ ನಮ್ಮ ಬಾವಿಗೆ ಎಷ್ಟು ದೂರ ಅಂತ ಟೇಪ್ ಹಿಡಿದು ನೋಡುವವರು ಕಡಿಮೆ. ಒಂದು ಸಲ ಅಳೆದು ನೋಡಿ.

ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವ ಲೆಕ್ಕ ಕಷ್ಟದ್ದಲ್ಲ. ಮಾಮೂಲಿ ದಿನಗಳಲ್ಲಿ 1000 ಲೀಟರಿಗೆ 2.5 ಗ್ರಾಂ. ಊರಲ್ಲಿ ವಾಂತಿಭೇದಿ, ಕಾಮಾಲೆ ಇದ್ದರೆ 5 ಗ್ರಾಂ. ಬಾವಿಯಲ್ಲಿ ಎಷ್ಟು ಲೀಟರ್ ಇದೆ ಅಂತ ಗೊತ್ತಾಗಬೇಕಲ್ಲ, ಅದಕ್ಕೆ ಹೀಗೆ ಮಾಡಿ. 2 ಮೀಟರ್ ಅಗಲದ ದುಂಡು ಬಾವಿಯಲ್ಲಿ ಒಂದೊಂದು ಮೀಟರ್ ಆಳದ ನೀರು ಅಂದರೆ ಸುಮಾರು 3,140 ಲೀಟರ್. ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿ, ಒದ್ದೆಯಾದ ಭಾಗ ಅಳೆಯಿರಿ. 4 ಮೀಟರ್ ಇದ್ದರೆ 12,560 ಲೀಟರ್. ಅದಕ್ಕೆ ಬೇಕಾದ ಪುಡಿ 31 ಗ್ರಾಂ ಚಿಲ್ಲರೆ. ನಿಮ್ಮ ಬಾವಿಯ ಅಗಲ ಬೇರೆ ಇದ್ದರೆ ಅಗಲವನ್ನು ಅಗಲದಿಂದಲೇ ಗುಣಿಸಿ, ಅದನ್ನು ನೀರಿನ ಆಳದಿಂದ ಗುಣಿಸಿ, ಬಂದದ್ದನ್ನು 785ರಿಂದ ಗುಣಿಸಿ. ಅಳತೆ ಮೀಟರಿನಲ್ಲಿ ಇರಲಿ, ಉತ್ತರ ಲೀಟರಿನಲ್ಲಿ ಬರುತ್ತದೆ.

ಪುಡಿಯನ್ನು ನೇರ ಬಾವಿಗೆ ಎಸೆಯಬೇಡಿ. ನಮ್ಮ ಮಾವ ಹಾಗೆ ಮಾಡುತ್ತಿದ್ದರು, ಅದು ಮುದ್ದೆಯಾಗಿ ತಳಕ್ಕೆ ಹೋಗಿ ಕೂರುತ್ತಿತ್ತು. ಬಕೆಟಿನಲ್ಲಿ ಸ್ವಲ್ಪ ನೀರು ಹಾಕಿ ದೋಸೆಹಿಟ್ಟಿನ ಹಾಗೆ ಕಲಸಿ. ಆಮೇಲೆ ಮುಕ್ಕಾಲು ಬಕೆಟ್ ನೀರು ತುಂಬಿ, ಕದಡಿ, ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿಯನ್ನು ಬಾವಿಯ ಕೊಡಪಾನಕ್ಕೆ ಬಸಿದು, ನೀರಿನೊಳಗೆ ಇಳಿಸಿ, ನಾಲ್ಕೈದು ಸಲ ಮೇಲೆ ಕೆಳಗೆ ಎಳೆದು ಕಲಕಿ. ಒಂದು ಗಂಟೆ ಕಳೆದ ಮೇಲೆ ಬಳಸಬಹುದು. ಪುಡಿ ಹೊಸತಾಗಿರಲಿ. ಬಾಯಿ ತೆರೆದು ಆರು ತಿಂಗಳು ಕೊಟ್ಟಿಗೆಯಲ್ಲಿ ಬಿದ್ದ ಪ್ಯಾಕೆಟಿನಲ್ಲಿ ವಾಸನೆ ಮಾತ್ರ ಉಳಿದಿರುತ್ತದೆ.

ನೀರು ಪರೀಕ್ಷೆ ಮಾಡಿಸಬೇಕು ಅನಿಸಿದರೆ ಕೇರಳ ವಾಟರ್ ಅಥಾರಿಟಿಯ ಪ್ರಯೋಗಾಲಯ ಇದೆ. ಫಲಿತಾಂಶದಲ್ಲಿ ಇ. ಕೋಲಿ ಅಂತ ಒಂದು ಸಾಲು ಇರುತ್ತದೆ, ಕಣ್ಣು ಅಲ್ಲಿಗೆ ಹೋಗಲಿ. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ 100 ಮಿಲಿ ನೀರಿನಲ್ಲಿ ಅದು ಒಂದೂ ಇರಬಾರದು. ಸ್ವಲ್ಪ ಇದ್ದರೆ ಅಡ್ಡಿಯಿಲ್ಲ ಅನ್ನುವ ಮಾತೇ ಇಲ್ಲ.

ಅಷ್ಟೆಲ್ಲ ಆಗುವವರೆಗೆ, ಸಲಾಡನ್ನು ಕೊನೆಯ ಸಲ ತೊಳೆಯುವ ನೀರನ್ನಾದರೂ ಕುದಿಸಿ ಆರಿಸಿಟ್ಟುಕೊಳ್ಳಿ. ಕುಡಿಯಲು ಕುದಿಸಿದ ನೀರು, ಸೌತೆಕಾಯಿಗೆ ಬಾವಿಯ ಹಸಿ ನೀರು ಅನ್ನುವುದರಲ್ಲಿ ಅರ್ಥವಿಲ್ಲ ಅಲ್ವಾ?

ಕೊಳ್ಳುವಾಗ

ಇಡೀ ತರಕಾರಿ ಕೊಳ್ಳಿ, ಕತ್ತರಿಸಿದ್ದಲ್ಲ. ಸಿಪ್ಪೆ ಅನ್ನುವುದು ದೇವರು ಮಾಡಿದ ಪ್ಯಾಕಿಂಗ್. ಸಿಪ್ಪೆ ಒಡೆದ ಟೊಮೆಟೊ, ಬಿರಿದ ಕ್ಯಾರೆಟ್, ಮೆತ್ತಗಾದ ಸೌತೆ ಇವು ಸಾಂಬಾರಿಗೆ ಇರಲಿ.

ಸೂಪರ್ ಮಾರ್ಕೆಟುಗಳಲ್ಲಿ ಸಾಂಬಾರ್ ಪ್ಯಾಕು, ಅವಿಯಲ್ ಪ್ಯಾಕು ಅಂತ ಹೆಚ್ಚಿಟ್ಟ ತರಕಾರಿ ಸಿಗುತ್ತದೆ. ಅದು ಬೇಯಿಸಲಿಕ್ಕೆ. ಅದರಿಂದ ನಾಲ್ಕು ತುಂಡು ಕ್ಯಾರೆಟ್ ಹೆಕ್ಕಿ ಮಗುವಿನ ಟಿಫಿನ್ ಡಬ್ಬಿಗೆ ಹಾಕುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ. ಹಸಿಯಾಗಿಯೇ ತಿನ್ನಲು ಅಂತ ಮಾರುವ ಸಲಾಡ್ ಡಬ್ಬಿಯಾದರೆ ಮೂರು ವಿಷಯ ನೋಡಿ: ತಣ್ಣಗಿದೆಯಾ, ದಿನಾಂಕ ಇದೆಯಾ, ಒಳಗೆ ನೀರು ನಿಂತಿದೆಯಾ. ನೀರು ನಿಂತಿದ್ದರೆ ತಕ್ಕೊಳ್ಳಬೇಡಿ. ಪ್ಯಾಕೆಟಿನ ಮೇಲೆ ಆಹಾರ ಸುರಕ್ಷತೆಯ 14 ಅಂಕಿಯ ಸಂಖ್ಯೆ ಇರಬೇಕು.

ಚೀಲದಲ್ಲಿ ಮೀನು, ಕೋಳಿ ಒಂದು ಕಡೆ, ತರಕಾರಿ ಇನ್ನೊಂದು ಕಡೆ. ಬೂತಾಯಿಯ ನೀರು ಕೊತ್ತಂಬರಿ ಕಟ್ಟಿಗೆ ಇಳಿದರೆ ಆ ಕಟ್ಟು ಸಾರಿಗೆ ಮಾತ್ರ.

ತೊಳೆಯುವ ಕ್ರಮ

ಮೊದಲು ನಿಮ್ಮ ಕೈ. ಸೋಪು ಹಾಕಿ, 20 ಸೆಕೆಂಡ್. ಉಗುರಿನ ಸಂದಿಗೂ.

ತರಕಾರಿ ಬಿಸಿಲಲ್ಲಿ ಬಸ್ಸಿನಲ್ಲಿ ಬಂದು ಬೆಚ್ಚಗಾಗಿದ್ದರೆ ಕೂಡಲೇ ತಣ್ಣೀರಿಗೆ ಹಾಕಬೇಡಿ. ಇದು ನನಗೆ ಗೊತ್ತೇ ಇರಲಿಲ್ಲ. ಬಿಸಿಯಾದ ಟೊಮೆಟೊ ಅಥವಾ ಮಾವಿನಹಣ್ಣು ತಣ್ಣನೆ ನೀರಿಗೆ ಬಿದ್ದಾಗ ಒಳಗಿನ ಗಾಳಿ ಕುಗ್ಗುತ್ತದೆ. ಆಗ ತೊಟ್ಟಿನ ಗಾಯದಿಂದ ಹೊರಗಿನ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ, ನೀರಿನಲ್ಲಿದ್ದ ರೋಗಾಣುವನ್ನೂ ಸೇರಿಸಿ. ಒಳಗೆ ಹೋದದ್ದನ್ನು ಯಾವ ತೊಳೆಯುವಿಕೆಯೂ ಹೊರಗೆ ತರುವುದಿಲ್ಲ. ನೆರಳಲ್ಲಿ ಒಂದು ಗಂಟೆ ಹರಡಿ, ಆಮೇಲೆ ತೊಳೆಯಿರಿ.

ಸೌತೆ, ಕ್ಯಾರೆಟ್, ಮೂಲಂಗಿಗಳನ್ನು ಹರಿಯುವ ನೀರಿನ ಕೆಳಗೆ ಹಿಡಿದು ಮೆತ್ತನೆ ಬ್ರಷ್ಷಿನಲ್ಲಿ ಉಜ್ಜಿ. ಸಿಪ್ಪೆ ತೆಗೆಯುವುದಿದ್ದರೂ ಮೊದಲು ತೊಳೆಯಬೇಕು. ತೊಳೆಯದ ಸಿಪ್ಪೆಯ ಮೇಲೆ ಹೋದ ಚೂರಿ ಸಿಪ್ಪೆಯ ಕೊಳೆಯನ್ನೇ ತಿರುಳಿಗೆ ಹಚ್ಚುತ್ತಾ ಹೋಗುತ್ತದೆ. ಬಚ್ಚಂಗಾಯಿಗೂ (ಕಲ್ಲಂಗಡಿ) ಇದೇ ಮಾತು. ಗದ್ದೆಯ ಮಣ್ಣು ಮೆತ್ತಿದ ಬಚ್ಚಂಗಾಯಿಯನ್ನು ಹಾಗೆಯೇ ಎರಡು ಹೋಳು ಮಾಡುವವರನ್ನು ರಂಜಾನ್ ತಿಂಗಳಲ್ಲಿ ಹೆದ್ದಾರಿ ಉದ್ದಕ್ಕೂ ನೋಡುತ್ತೇವೆ.

ಕ್ಯಾಬೇಜಿನ ಹೊರಗಿನ ಎರಡು ಮೂರು ಎಲೆ ಎಸೆಯಿರಿ. ಕೊತ್ತಂಬರಿ, ಪುದೀನ ಕಟ್ಟು ಬಿಚ್ಚಿ, ಬೇರು ಕತ್ತರಿಸಿ, ಎರಡು ಮೂರು ನೀರಿನಲ್ಲಿ ಅದ್ದಿ ತೆಗೆಯಿರಿ. ತಳದಲ್ಲಿ ಮಣ್ಣು ಕಾಣದ ತನಕ.

ಇಷ್ಟರಿಂದ ರೋಗಾಣು ತುಂಬ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಮುಂದಿನ ಹೆಜ್ಜೆ ಕ್ಲೋರಿನ್. ಆಹಾರ ಸುರಕ್ಷತಾ ಪ್ರಾಧಿಕಾರ ಕೋವಿಡ್ ಕಾಲದಲ್ಲಿ ಹೇಳಿದ ಅಳತೆ 50 ಪಿಪಿಎಂ, ಅಂದರೆ ಲೀಟರ್ ನೀರಿಗೆ 50 ಮಿಲಿಗ್ರಾಂ ಕ್ಲೋರಿನ್. ಮನೆಯ ಲೆಕ್ಕದಲ್ಲಿ ಹೇಳುವುದಾದರೆ, ಶೇಕಡ 5ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ ಲೀಟರಿಗೆ 1 ಮಿಲಿ. ಐದು ಲೀಟರ್ ನೀರಿಗೆ ಒಂದು ಟೀ ಚಮಚ. ಪರಿಮಳ ಸೇರಿಸಿದ್ದು, ಬಣ್ಣ ಇರುವುದು ಬೇಡ. ಬಾಟಲಿಯ ಮೇಲೆ ಶೇಕಡ ಎಷ್ಟು ಅಂತ ಓದಿಕೊಳ್ಳಿ. ಐದು ನಿಮಿಷ ಮುಳುಗಿಸಿ, ಆಮೇಲೆ ಕುಡಿಯುವ ನೀರಲ್ಲಿ ಚೆನ್ನಾಗಿ ತೊಳೆಯಿರಿ. ಮಣ್ಣು ಹೋಗುವ ಮೊದಲು ಕ್ಲೋರಿನ್ ಹಾಕಿದರೆ ಮಣ್ಣೇ ಅದನ್ನು ತಿಂದು ಮುಗಿಸುತ್ತದೆ, ಆದ್ದರಿಂದ ಈ ಹೆಜ್ಜೆ ಕೊನೆಗೆ. ಒಂದು ಎಚ್ಚರ: ಈ ನೀರಿಗೆ ವಿನಿಗರ್ ಅಥವಾ ನಿಂಬೆರಸ ಬೆರೆಸಬೇಡಿ. ಕ್ಲೋರಿನ್ ಗಾಳಿ ಎದ್ದು ಎದೆ ಉರಿಯುತ್ತದೆ.

ಪಾತ್ರೆ ತೊಳೆಯುವ ಸೋಪು, ಡಿಟರ್ಜೆಂಟ್ ತರಕಾರಿಗೆ ಬೇಡ. ತೊಳೆದದ್ದನ್ನು ಒಣಬಟ್ಟೆಯ ಮೇಲೆ ಹರಡಿ ಒರೆಸಿ. ಒದ್ದೆ ಇದ್ದಷ್ಟು ಬೇಗ ಕೆಡುತ್ತದೆ.

ಮೆಟ್ಟುಕತ್ತಿ

ನನಗೆ ಮೆಟ್ಟುಕತ್ತಿ (ಈಳಿಗೆಮಣೆ) ಅಂದರೆ ಪ್ರೀತಿ. ಚೂರಿಯಲ್ಲಿ ನಾನು ಕೊರೆದ ಸೌತೆ ಸೌತೆಯ ಹಾಗೆ ಕಾಣುವುದೇ ಇಲ್ಲ. ಆದರೆ ಒಂದು ದಿನ ಅದನ್ನು ತಿರುಗಿಸಿ ನೋಡಿ. ಕಬ್ಬಿಣ ಮಣೆಗೆ ಸೇರುವ ಸಂದಿಯಲ್ಲಿ ಕಪ್ಪಗೆ ಅಂಟು ಕೂತಿರುತ್ತದೆ. ಹಲಸಿನಕಾಯಿ ಮಯಣ, ಮೀನಿನ ಪೊಡಸು, ಕಳೆದ ವಾರದ ಕುಂಬಳ ಎಲ್ಲ ಅದರಲ್ಲಿ. ಮಣೆಯ ಮೇಲೆ ಕಾಲು, ಕಾಲಿನ ಪಕ್ಕದಲ್ಲೇ ಬಾಳೆಲೆ, ಎಲೆಯ ಮೇಲೆ ಸಲಾಡ್.

ಮೆಟ್ಟುಕತ್ತಿ ಬಿಡಿ ಅಂತ ಹೇಳುವುದಿಲ್ಲ. ಮೀನಿಗೆ ಒಂದು, ತರಕಾರಿಗೆ ಒಂದು ಇಟ್ಟುಕೊಳ್ಳಿ. ಕೆಲಸಕ್ಕೆ ಮೊದಲು ಸಂದಿಯನ್ನು ತೆಂಗಿನ ನಾರಿನಲ್ಲಿ ಸೋಪು ಹಾಕಿ ಉಜ್ಜಿ, ಕುದಿನೀರು ಹೊಯ್ಯಿರಿ. ಹೋಳು ಬೀಳುವುದು ಎಲೆಯ ಮೇಲಲ್ಲ, ಅಂಚು ಎತ್ತರ ಇರುವ ಪಾತ್ರೆಗೆ.

ಗಡಿಯಾರ ಶುರುವಾಗುವುದು ಕತ್ತಿ ತಾಗಿದಾಗ

ಇಡೀ ಸೌತೆಯ ಮೇಲೆ ಕೂತ ರೋಗಾಣುವಿಗೆ ತಿನ್ನಲು ಹೆಚ್ಚೇನೂ ಇಲ್ಲ. ಕೊರೆದ ಕೂಡಲೇ ರಸ ಬಂತು, ಸಕ್ಕರೆ ಬಂತು. ಹದ ಸಿಕ್ಕಿದರೆ ಒಂದು ಬ್ಯಾಕ್ಟೀರಿಯಾ ಇಪ್ಪತ್ತು ನಿಮಿಷಕ್ಕೆ ಎರಡಾಗುತ್ತದೆ. ನಮ್ಮ ಕೋಸಂಬರಿ ಕಾದದ್ದು ಏಳು ಗಂಟೆ. ಅಂದರೆ ಇಪ್ಪತ್ತೊಂದು ಸಲ ಇಮ್ಮಡಿ. ಕಾಗದದ ಮೇಲೆ ಒಂದು ಹೋಗಿ ಇಪ್ಪತ್ತು ಲಕ್ಷ. ಸೌತೆಯಲ್ಲಿ ಅಷ್ಟು ಜೋರಾಗಿ ಬೆಳೆಯದೇ ಇರಬಹುದು. ಆದರೆ ಶಿಗೆಲ್ಲಾದಂಥದ್ದಕ್ಕೆ ಬೆಳೆಯಬೇಕೆಂದೇ ಇಲ್ಲ. ಹತ್ತರಿಂದ ನೂರು ರೋಗಾಣು ಹೊಟ್ಟೆ ಸೇರಿದರೂ ಕಾಯಿಲೆ ಬರಬಹುದು. ಅದಕ್ಕೇ ನೀರು ಮೊದಲು, ಗಡಿಯಾರ ಆಮೇಲೆ.

ಬ್ಯಾಕ್ಟೀರಿಯಾಗಳಿಗೆ ಖುಷಿಯ ಜಾಗ 5ರಿಂದ 60 ಡಿಗ್ರಿ ಸೆಲ್ಸಿಯಸ್. ನಮ್ಮ ಅಡುಗೆಮನೆ ವರ್ಷವಿಡೀ ಅದರ ಮಧ್ಯದಲ್ಲೇ ಇದೆ. ಹೊರಗೆ ಇಟ್ಟರೆ ಎರಡು ಗಂಟೆಯೊಳಗೆ ತಿನ್ನಿ. ಸೆಕೆ 32 ಡಿಗ್ರಿ ದಾಟಿದರೆ ಒಂದೇ ಗಂಟೆ. ಏಪ್ರಿಲ್, ಮೇ ತಿಂಗಳಲ್ಲಿ ಕಾಸರಗೋಡಿನಲ್ಲಿ ಮಧ್ಯಾಹ್ನ ಅಂದರೆ ಒಂದೇ ಗಂಟೆ ಅಂತಲೇ ಲೆಕ್ಕ ಇಟ್ಟುಕೊಳ್ಳಿ.

ನಿಂಬೆಹುಳಿ ಹಿಂಡಿದ್ದೇವಲ್ಲ ಅನ್ನುವವರಿದ್ದಾರೆ. ಹುಳಿ ಬೆಳವಣಿಗೆಯನ್ನು ನಿಧಾನ ಮಾಡುತ್ತದೆ, ಇರುವುದನ್ನೆಲ್ಲ ಕೊಲ್ಲುವುದಿಲ್ಲ. ಅನಾನಸು ತಾನಾಗಿಯೇ ಹುಳಿ, ಅದು ಸ್ವಲ್ಪ ವಾಸಿ. ಬಚ್ಚಂಗಾಯಿ, ಪಪ್ಪಾಯಿಗಳಲ್ಲಿ ಹುಳಿ ಇಲ್ಲ. ಕತ್ತರಿಸಿ ಗಾಜಿನ ಪೆಟ್ಟಿಗೆಯಲ್ಲಿಟ್ಟ ಪಪ್ಪಾಯಿ ಹೋಳು ನೋಡಲು ಎಷ್ಟು ಚಂದವೋ ಅಷ್ಟೇ ಅನುಮಾನ ಅದರ ಮೇಲೆ ಇರಲಿ.

ಫ್ರಿಡ್ಜಿನಲ್ಲಿ 5 ಡಿಗ್ರಿಗಿಂತ ಕೆಳಗೆ ಇಟ್ಟರೆ ಅದೇ ದಿನ ಮುಗಿಸಿ. ಲಿಸ್ಟೀರಿಯಾ ಅನ್ನುವ ಒಂದು ಜಾತಿ ಫ್ರಿಡ್ಜಿನ ತಂಪಿನಲ್ಲೂ ನಿಧಾನವಾಗಿ ಬೆಳೆಯುತ್ತದೆ, ಬಸುರಿಯರಿಗೆ ಗರ್ಭಪಾತ ಆಗುವಷ್ಟು ಅಪಾಯ ಅದರಿಂದ. ಬಸುರಿಯರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಹೊರಗಿನ ಹೆಚ್ಚಿಟ್ಟ ಸಲಾಡ್ ಬಿಡುವುದೇ ಲೇಸು.

ಮೊಳಕೆ ಕಾಳು

ಇದನ್ನು ಬರೆದರೆ ಯೋಗದ ಗುಂಪಿನ ಗೆಳೆಯರಿಗೆ ಕೋಪ ಬರುತ್ತದೆ. ಆದರೂ ಹೇಳಬೇಕು. 2011ರಲ್ಲಿ ಜರ್ಮನಿಯಲ್ಲಿ ಇ. ಕೋಲಿಯಿಂದ 3,800ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, ಐವತ್ತಕ್ಕೂ ಹೆಚ್ಚು ಜನ ಸತ್ತರು. ಮೊದಲು ಸ್ಪೇನಿನ ಸೌತೆಕಾಯಿಯ ಮೇಲೆ ಗೂಬೆ ಕೂರಿಸಿದರು, ಅಲ್ಲಿನ ರೈತರು ಬೆಳೆ ಎಸೆಯಬೇಕಾಯಿತು. ಕೊನೆಗೆ ಸಿಕ್ಕಿದ್ದು ಮೆಂತ್ಯದ ಮೊಳಕೆ. ಈಜಿಪ್ಟಿನಿಂದ ತರಿಸಿದ ಬೀಜ. ನಮ್ಮ ಅಡುಗೆಮನೆಯ ಅದೇ ಮೆಂತ್ಯ!

ರೋಗಾಣು ಬೀಜದ ಮೇಲೇ ಇರಬಹುದು. ಮೊಳಕೆ ಬರಲು ಬೇಕಾದದ್ದು ಒದ್ದೆ ಮತ್ತು ಬೆಚ್ಚಗೆ. ಬ್ಯಾಕ್ಟೀರಿಯಾಕ್ಕೆ ಬೇಕಾದದ್ದೂ ಅದೇ. ಮೊಳಕೆ ಬಂದ ಮೇಲೆ ತೊಳೆದು ಪ್ರಯೋಜನ ಇಲ್ಲ. ಹಬೆಯಲ್ಲಿ ಬೇಯಿಸಿ, ಇಲ್ಲವೇ ಒಗ್ಗರಣೆಯಲ್ಲಿ ಚೆನ್ನಾಗಿ ಬಾಡಿಸಿ. ಕೋಸಂಬರಿಗೆ ಹಾಕುವ ಹೆಸರುಬೇಳೆ ಮೊಳಕೆ ಬಂದದ್ದಲ್ಲ, ಅದು ಅಷ್ಟು ಅಪಾಯದ್ದಲ್ಲ. ಆದರೆ ಕುದಿಸಿ ಆರಿಸಿದ ನೀರಲ್ಲಿ ಒಂದೆರಡು ಗಂಟೆ ಮಾತ್ರ ನೆನೆಸಿ, ರಾತ್ರಿಯಿಡೀ ಬೇಡ.

ಹೋಟೆಲಿನ ಸಲಾಡ್, ಪಾರ್ಸೆಲ್

2022ರ ಮೇ 1ರಂದು ನಮ್ಮದೇ ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮಾ ತಿಂದ 16 ವರ್ಷದ ಹುಡುಗಿ ತೀರಿಕೊಂಡಳು. ಹತ್ತಾರು ಜನ ಆಸ್ಪತ್ರೆ ಸೇರಿದರು. ರೋಗಿಗಳಲ್ಲಿ ಶಿಗೆಲ್ಲಾ ಸಿಕ್ಕಿತು. ಅಂಗಡಿಯ ಮಾದರಿ ಪರೀಕ್ಷೆ ಮಾಡಿದಾಗ ಕೋಳಿ ಶವರ್ಮಾದಲ್ಲಿ ಸಾಲ್ಮೊನೆಲ್ಲಾ, ಶಿಗೆಲ್ಲಾ ಎರಡೂ ಇದ್ದವು. ಎಲ್ಲರೂ ಕೋಳಿಯ ಬಗ್ಗೆ ಮಾತಾಡಿದರು. ನನ್ನ ಮನಸ್ಸಿನಲ್ಲಿ ಉಳಿದದ್ದು ವರದಿಯ ಇನ್ನೊಂದು ಸಾಲು. ಕಾಳುಮೆಣಸಿನ ಪುಡಿಯಲ್ಲೂ ಸಾಲ್ಮೊನೆಲ್ಲಾ ಇತ್ತು.

ಕಾಳುಮೆಣಸು! ನಮ್ಮ ಅಂಗಳದಲ್ಲೇ ಒಣಗುವುದು. ಅದರ ಮೇಲೆ ಕೋಳಿ ನಡೆಯುತ್ತದೆ, ಕಾಗೆ ಕೂರುತ್ತದೆ, ನಾಯಿ ಬಿಸಿಲು ಕಾಯಿಸುತ್ತದೆ. ಒಣಗಿದರೆ ರೋಗಾಣು ಸಾಯುತ್ತದೆ ಅಂದುಕೊಂಡಿದ್ದೆವು. ಸಾಲ್ಮೊನೆಲ್ಲಾ ಒಣ ಪುಡಿಯಲ್ಲೂ ತಿಂಗಳುಗಟ್ಟಲೆ ಬದುಕಿರುತ್ತದೆ. ಆ ಪುಡಿಯನ್ನು ಬೇಯಿಸದ ಸೌತೆಯ ಮೇಲೆ, ಕತ್ತರಿಸಿದ ಅನಾನಸಿನ ಮೇಲೆ ಉದುರಿಸಿದರೆ ಒದ್ದೆ ಸಿಕ್ಕಿದ ಕೂಡಲೇ ಅದು ಎಚ್ಚರವಾಗುತ್ತದೆ. ಸಲಾಡಿಗೆ ಬಳಸುವ ಮೆಣಸನ್ನು ಬಾಣಲೆಯಲ್ಲಿ ಘಮ್ಮೆನ್ನುವವರೆಗೆ ಹುರಿದು, ಆಮೇಲೆ ಪುಡಿ ಮಾಡಿ. ಒಣಹಾಕುವಾಗ ನೆಲದಿಂದ ಎತ್ತರದಲ್ಲಿ ಟಾರ್ಪಾಲು, ಮೇಲೆ ಬಲೆ.

ಮಯೋನೀಸ್ ಬಗ್ಗೆ ಎರಡು ಮಾತು ಸಾಕು. ಹಸಿಮೊಟ್ಟೆಯ ಮಯೋನೀಸನ್ನು ಕೇರಳ 2023ರ ಜನವರಿಯಲ್ಲಿ ನಿಷೇಧಿಸಿತು, ತಮಿಳುನಾಡು 2025ರ ಏಪ್ರಿಲಿನಲ್ಲಿ. ಯಾವುದರಿಂದ ಮಾಡಿದ್ದು ಅಂತ ಕೇಳಿ. ಉತ್ತರ ತಡವರಿಸಿದರೆ ಬೇಡ ಅನ್ನಿ.

ಪಾರ್ಸೆಲ್ ಆಹಾರದ ಮೇಲೆ ತಯಾರಿಸಿದ ಹೊತ್ತು, ಎಷ್ಟರೊಳಗೆ ತಿನ್ನಬೇಕು ಅನ್ನುವ ಚೀಟಿ ಕೇರಳದಲ್ಲಿ ಕಡ್ಡಾಯ. ಅದು ಸಾಮಾನ್ಯವಾಗಿ ಮಲಯಾಳದಲ್ಲಿರುತ್ತದೆ. ಕನ್ನಡ ಶಾಲೆಯಲ್ಲಿ ಓದಿದ ನನ್ನ ಅಮ್ಮನಂಥವರಿಗೆ ಓದಲು ಬರುವುದಿಲ್ಲ. ಅಡ್ಡಿಯಿಲ್ಲ, ಗಂಟೆ ಅಂಕಿಯಲ್ಲೇ ಇರುತ್ತದೆ. ಎರಡು ಹೊತ್ತು ಬರೆದಿದ್ದರೆ ಮೊದಲನೆಯದು ಮಾಡಿದ್ದು, ಎರಡನೆಯದು ಮುಗಿಸಬೇಕಾದದ್ದು. ಪಾರ್ಸೆಲ್ ತಂದು ಫ್ರಿಡ್ಜಿಗಿಟ್ಟು ರಾತ್ರಿ ಬಿಸಿ ಮಾಡುವುದಿದ್ದರೆ, ಅದರ ಜೊತೆಗೆ ಬಂದ ಕ್ಯಾಬೇಜ್, ಈರುಳ್ಳಿಯ ಪುಟ್ಟ ಕವರನ್ನು ಮೊದಲೇ ಎಸೆಯಿರಿ. ಕೋಳಿ ಬಿಸಿಯಾಗುತ್ತದೆ, ಸಲಾಡ್ ಆಗುವುದಿಲ್ಲ.

ಮಾರುವವರಿಗೆ ಒಂದೇ ಮಾತು. ಗ್ಲೌಸ್ ಹಾಕಿಕೊಂಡು ಅದೇ ಕೈಯಲ್ಲಿ ದುಡ್ಡು ತಕ್ಕೊಂಡು, ಅದೇ ಕೈಯಲ್ಲಿ ಮಾವಿನಕಾಯಿ ತುಂಡು ಕೊಟ್ಟರೆ ಗ್ಲೌಸ್ ನಿಮ್ಮ ಕೈಯನ್ನು ಕಾಪಾಡುತ್ತದೆ, ಗಿರಾಕಿಯ ಹೊಟ್ಟೆಯನ್ನಲ್ಲ. ದುಡ್ಡಿಗೆ ಒಬ್ಬರು, ಕತ್ತಿಗೆ ಒಬ್ಬರು. ಭೇದಿ ಇರುವವರು ಅಂಗಡಿಗೆ ಬರಲೇಬಾರದು.

ಅನುಪತ್ಯದ ಕೋಸಂಬರಿ

ಹಿಂದಿನ ರಾತ್ರಿ ನೆರೆಕರೆಯವರು ಸೇರಿ ಬೆಂದಿಗೆ, ಅಂದರೆ ಅಡುಗೆಯ ತರಕಾರಿ ಕೊರೆಯುವುದು ನಮ್ಮಲ್ಲಿ ಅರ್ಧ ಹಬ್ಬ. ಪಟ್ಟಾಂಗ, ಎಲೆಅಡಿಕೆ, ಚಹಾ. ಅದು ಹಾಗೆಯೇ ಇರಲಿ. ಬೇಯುವ ತರಕಾರಿ ರಾತ್ರಿ ಕೊರೆಯಿರಿ. ಹಸಿಯಾಗಿ ಬಡಿಸುವುದನ್ನು ಮಾತ್ರ ಆ ರಾಶಿಯ ಹತ್ತಿರ ತರಬೇಡಿ.

ಈಗ ನಮ್ಮ ಮನೆಯಲ್ಲಿ ಮಾಡುವುದು ಹೀಗೆ. ರಾತ್ರಿಯೇ ಸೌತೆ, ಕ್ಯಾರೆಟ್ ಇಡಿಯಾಗಿ ತೊಳೆದು, ಒರೆಸಿ, ಬಟ್ಟೆ ಮುಚ್ಚಿ ಎತ್ತರದಲ್ಲಿ ಇಡುತ್ತೇವೆ. ಕ್ಲೋರಿನ್ ನೀರು ಬೇಕಾದರೆ 100 ಲೀಟರಿಗೆ 15 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿಯ ತಿಳಿ, ಅದು ಸುಮಾರು 50 ಪಿಪಿಎಂ ಆಗುತ್ತದೆ. ತೊಳೆಯಲು ನಲ್ಲಿ ಇರುವ ಬೇರೆ ಡ್ರಮ್ಮು, ಚೊಂಬು ಮುಳುಗಿಸುವ ಹಾಗಿಲ್ಲ. ಮೊದಲ ಪಂಕ್ತಿಗೆ ಒಂದು ಗಂಟೆ ಮುಂಚೆ ನಾಲ್ಕು ಜನ ಕೈ ತೊಳೆದು ಕೂರುತ್ತಾರೆ. ಇನ್ನೂರೈವತ್ತು ಜನರಿಗೆ ಸೌತೆ ಕೊರೆಯಲು ನಾಲ್ಕು ಜನರಿಗೆ ಮುಕ್ಕಾಲು ಗಂಟೆ ಸಾಕು, ನಾನು ನೋಡಿದ್ದೇನೆ. ಉಪ್ಪು, ನಿಂಬೆಹುಳಿ ಹಾಕುವುದು ಬಡಿಸುವ ಪಾತ್ರೆಗೆ ಹಾಕಿದ ಮೇಲೆ. ಎರಡನೇ ಪಂಕ್ತಿಗೆ ಎರಡನೇ ಪಾತ್ರೆ, ಮೊದಲಿನದರ ಮೇಲೆ ಸುರಿಯುವುದಿಲ್ಲ. ಬಡಿಸುವುದು ಸೌಟಿನಲ್ಲಿ.

ಅಡಿಗೆಯವರಿಗೆ ಮೊದಲ ಸಲ ಇದನ್ನು ಹೇಳಿದಾಗ, ‘ನಲವತ್ತು ವರ್ಷದಿಂದ ಮಾಡುತ್ತಿದ್ದೇನೆ’ ಅಂದರು. ಜಗಳ ಮಾಡಲಿಲ್ಲ. ಕೋಸಂಬರಿ ನಮಗೆ ಬಿಟ್ಟುಬಿಡಿ ಅಂದೆ. ಖುಷಿಯಿಂದ ಬಿಟ್ಟುಕೊಟ್ಟರು.

ಹೊಟ್ಟೆ ಕೆಟ್ಟರೆ

ತಿಂದ ಅರ್ಧ ಗಂಟೆಯಿಂದ ಎಂಟು ಗಂಟೆಯೊಳಗೆ ವಾಂತಿ ಶುರುವಾದರೆ ಹೆಚ್ಚಾಗಿ ಅದು ಸ್ಟಾಫಿಲೊಕಾಕಸ್ ಎಂಬ, ಕೈಯಿಂದ ಬರುವ ಜಾತಿಯ ವಿಷ. ಸಾಲ್ಮೊನೆಲ್ಲಾಕ್ಕೆ ಆರು ಗಂಟೆಯಿಂದ ಆರು ದಿನ, ಶಿಗೆಲ್ಲಾಕ್ಕೆ ಒಂದೆರಡು ದಿನ, ಕೆಟ್ಟ ಇ. ಕೋಲಿಗೆ ಮೂರು ನಾಲ್ಕು ದಿನ ಬೇಕಾಗುತ್ತದೆ. ಹಾಗಾಗಿ ವೈದ್ಯರಿಗೆ ಇವತ್ತು ತಿಂದದ್ದು ಮಾತ್ರ ಹೇಳಬೇಡಿ, ಆರು ದಿನದ ಊಟ ನೆನಪು ಮಾಡಿಕೊಂಡು ಹೇಳಿ.

ಕೂಡಲೇ ಓಆರ್‌ಎಸ್ ಶುರು ಮಾಡಿ. ಪ್ಯಾಕೆಟಿನ ಮೇಲೆ ಬರೆದಷ್ಟೇ ನೀರು, ದೊಡ್ಡ ಪ್ಯಾಕೆಟಾದರೆ ಒಂದು ಲೀಟರ್. ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಮಟ್ಟಸವಾಗಿ. ಉಪ್ಪು ಹಾಕಿದ ಗಂಜಿತೆಳಿಯೂ ಆಗುತ್ತದೆ. ಮಲದಲ್ಲಿ ರಕ್ತ, ಜೋರು ಜ್ವರ, ಮೂತ್ರ ಕಡಿಮೆಯಾಗುವುದು, ಮಗು ಮಂಕಾಗುವುದು ಇವು ಕಂಡರೆ ಮನೆಯಲ್ಲಿ ಕೂರಬೇಡಿ. ರಕ್ತ ಇರುವಾಗ ಭೇದಿ ನಿಲ್ಲಿಸುವ ಮಾತ್ರೆ, ಮೊನ್ನೆ ಉಳಿದ ಆ್ಯಂಟಿಬಯಾಟಿಕ್ ನೀವಾಗಿಯೇ ನುಂಗಬೇಡಿ. ಕೆಲವು ಇ. ಕೋಲಿಗಳಲ್ಲಿ ಅದರಿಂದ ಕಿಡ್ನಿಗೆ ತೊಂದರೆ ಜಾಸ್ತಿ ಆಗಬಹುದು. ರಾತ್ರಿ ಹೊತ್ತು ಯಾರನ್ನು ಕೇಳುವುದು ಅಂತ ಗೊತ್ತಾಗದಿದ್ದರೆ ಕೇರಳದ ದಿಶಾ ಸಹಾಯವಾಣಿ 104 ಅಥವಾ 1056.

ಅಂಗಡಿಯ ಆಹಾರದ ಮೇಲೆ ಅನುಮಾನ ಇದ್ದರೆ ಕೇರಳ ಆಹಾರ ಸುರಕ್ಷತಾ ಇಲಾಖೆಯ ಉಚಿತ ಸಂಖ್ಯೆ 1800 425 1125. ಬಿಲ್ಲು, ಚೀಟಿಯ ಫೋಟೋ ತೆಗೆದಿಡಿ. ಮಿಕ್ಕಿದ ಸಲಾಡನ್ನು ಸಿಟ್ಟಿನಲ್ಲಿ ತಿಪ್ಪೆಗೆ ಎಸೆಯಬೇಡಿ, ನಾವು ಮಾಡಿದ ತಪ್ಪು ಅದೇ. ಶುದ್ಧವಾದ ಡಬ್ಬಿಯಲ್ಲಿ ಹಾಕಿ, ಮುಚ್ಚಿ, ಫ್ರಿಡ್ಜಿನ ಕೆಳಗಿನ ತಟ್ಟಿನಲ್ಲಿಡಿ. ಮೇಲೆ ದೊಡ್ಡ ಅಕ್ಷರದಲ್ಲಿ ‘ತಿನ್ನಬೇಡಿ’ ಅಂತ ಬರೆಯಿರಿ, ಕನ್ನಡದಲ್ಲೂ ಮಲಯಾಳದಲ್ಲೂ.